ಹದಿನಾಲ್ಕರ ಕೆಂಪು ದಾರ

ಮಗಳ ಎಡಗಡೆಯ ಜಡೆ ಮುಗಿದಿತ್ತು. ಬಲಗಡೆಯ ಕೂದಲನ್ನು ಮೂರು ಪಾಲು ಮಾಡಿ, ರಿಬ್ಬನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಆಯಾ ಇನ್ನೇನು ಹೆಣೆಯಬೇಕು, ಅಷ್ಟರಲ್ಲಿ ಬಾಗಿಲ ಮೇಲಿನ ಹಲಗೆಯಲ್ಲಿ ಹದಿನಾಲ್ಕನೇ ದೀಪ ಹೊತ್ತಿಕೊಂಡಿತು. ಗಂಟೆ ಒಂದು ಸಲ ಬಾರಿಸಿ ನಿಂತುಹೋಯಿತು.

"ಹಿಡ್ಕೋ, ಬಿಡಬೇಡ, ಈಗ ಬಂದೆ," ಎಂದು ಮೂರು ಪಾಲನ್ನೂ ಮಗಳ ಕೈಗೇ ಕೊಟ್ಟು ಎದ್ದಳು.

ಹದಿನಾಲ್ಕನೇ ನಂಬರಿನ ಅಜ್ಜಿ ಸುಮ್ಮಸುಮ್ಮನೆ ಗಂಟೆ ಒತ್ತುವವರಲ್ಲ. ಆ ವೃದ್ಧಾಶ್ರಮದಲ್ಲಿ ಇಪ್ಪತ್ತೆರಡು ಜನರಿದ್ದರು. ಕೆಲವರು ದಿಂಬು ಜಾರಿತೆಂದು ಒತ್ತುತ್ತಿದ್ದರು, ಕೆಲವರು ಒತ್ತಿದರೆ ಯಾರಾದರೂ ಬರುತ್ತಾರೋ ನೋಡೋಣವೆಂದೇ ಒತ್ತುತ್ತಿದ್ದರು. ಈ ಅಜ್ಜಿ ಮಾತ್ರ ನೀರು ಬೇಕಾದರೂ ಗೋಡೆ ಹಿಡಿದುಕೊಂಡು ತಾವೇ ಹೋಗುತ್ತಿದ್ದರು. ಯಾಕಜ್ಜಿ, ಕರೆಯಬಾರದಾ ಎಂದರೆ, "ನಿನ್ನ ಕಾಲೇನು ಬಾಡಿಗೆ ಸೈಕಲ್ಲಾ, ದಿನವೆಲ್ಲ ಓಡಿಸೋಕೆ," ಎನ್ನುತ್ತಿದ್ದರು.

ಆಯಾ ಹೋಗಿ ನೋಡಿದಾಗ ಅಜ್ಜಿ ಮಂಚದ ಅಂಚಿನಲ್ಲಿ ಕುಳಿತು, ಎರಡೂ ಕೈಯನ್ನು ಮೊಣಕಾಲಿಗೆ ಊರಿ, ಬಾಯಿ ತೆರೆದು ಗಾಳಿ ಎಳೆಯುತ್ತಿದ್ದರು. ತುಟಿ ನೀಲಿಯಾಗಿತ್ತು. ಎದೆಯಲ್ಲಿ ಕಫ ಕುದಿಯುವ ಸದ್ದು ಬಾಗಿಲವರೆಗೂ ಕೇಳುತ್ತಿತ್ತು.

ಆಂಬುಲೆನ್ಸ್ ಬರಲು ಇಪ್ಪತ್ತು ನಿಮಿಷವಾಯಿತು. ಆ ಇಪ್ಪತ್ತು ನಿಮಿಷ ಆಯಾ ಅಜ್ಜಿಯ ಬೆನ್ನನ್ನು ತನ್ನ ಎದೆಗೊರಗಿಸಿಕೊಂಡು ಕುಳಿತಿದ್ದಳು. ಸ್ಟ್ರೆಚರ್ ಮೇಲೆ ಮಲಗಿಸುವಾಗ ಅಜ್ಜಿ ಮುಖದ ಮೇಲಿನ ಮಾಸ್ಕನ್ನು ಒಂದಿಷ್ಟು ಎತ್ತಿ ಹೇಳಿದರು. "ನೀಲಿ ಸ್ವೆಟರ್ ಒಗೆಯೋಕೆ ಹಾಕ್ಬೇಡ. ಬಿಸಿಲಿಗಷ್ಟೇ ಹಾಕು. ಬಂದ್ಮೇಲೆ ಬೇಕು." ಆಮೇಲೆ, ಬಾಗಿಲಲ್ಲಿ ಅರ್ಧ ಜಡೆ ಹಿಡಿದು ನಿಂತ ಒಂಬತ್ತು ವರ್ಷದ ಹುಡುಗಿಯನ್ನು ಕಂಡು, "ಸೂಜಿಮರಿ, ನಿಮ್ಮಮ್ಮಂಗೆ ಜ್ಞಾಪಿಸು," ಎಂದರು.

ಸೂಜಿಮರಿ ಎಂದು ಹೆಸರಿಟ್ಟವರೂ ಅವರೇ. ಅಜ್ಜಿಯ ಕಣ್ಣಿಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ಈ ಹುಡುಗಿ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಒಂದೇ ಏಟಿಗೆ ಪೋಣಿಸಿಕೊಡುತ್ತಿದ್ದಳು. ಅದಕ್ಕೆ ಪ್ರತಿಯಾಗಿ ಅಜ್ಜಿ ವಿಳಾಸಗಳನ್ನು ಹೇಳುತ್ತಿದ್ದರು. ಅವರು ಅಂಚೆ ಕಚೇರಿಯಲ್ಲಿ ಮೂವತ್ತಾರು ವರ್ಷ ಕಾಗದ ವಿಂಗಡಿಸಿ ಬಟವಾಡೆ ಮಾಡಿದವರು. ಊರಿನ ಯಾವ ಬೀದಿ ಹೇಳಿದರೂ ಮನೆಮನೆ ಒಪ್ಪಿಸುತ್ತಿದ್ದರು. "ಮೂರನೇ ಅಡ್ಡರಸ್ತೆ, ಹನ್ನೊಂದನೇ ಮನೆ, ಹಸಿರು ಗೇಟು, ನಾಯಿ ಇದೆ, ಕಚ್ಚಲ್ಲ. ಹನ್ನೆರಡನೇ ಮನೆ, ನಾಯಿ ಇಲ್ಲ, ಯಜಮಾನ ಕಚ್ತಾನೆ." ಮಂಡಿ ಹೋಯಿತು, ಕಣ್ಣು ಹೋಯಿತು, ತಲೆಯೊಂದು ಉಳಿದಿದೆ, ಅದನ್ನು ಮಾತ್ರ ಯಾರಿಗೂ ಕೊಡೆನೆಂದು ಆಗಾಗ ಹಣೆ ತಟ್ಟಿಕೊಳ್ಳುತ್ತಿದ್ದರು. ಅವರಿಗಿದ್ದ ಆಸ್ತಿಯೆಂದರೆ ಅದೇ.

ಆಂಬುಲೆನ್ಸ್ ಗೇಟು ದಾಟಿ ಅರ್ಧ ಗಂಟೆಯೂ ಆಗಿರಲಿಲ್ಲ. ಆಯಾ ಹೊಲಿಗೆ ಕೋಣೆಗೆ ಬಂದು ಮತ್ತೆ ಬಾಚಣಿಗೆ ಕೈಗೆತ್ತಿಕೊಂಡಿದ್ದಳು. ಬಾಗಿಲಲ್ಲಿ ಮೇಲ್ವಿಚಾರಕಿ ಬಂದು ನಿಂತರು.

ಅವರನ್ನು ಎದುರಿಗೆ ಎಲ್ಲರೂ ಮೇಡಂ ಎನ್ನುತ್ತಿದ್ದರು. ಬೆನ್ನ ಹಿಂದೆ ಅವರಿಗಿದ್ದ ಹೆಸರು ಇಸ್ತ್ರಿ. ಉಟ್ಟ ಬಟ್ಟೆಯಲ್ಲಿ ಒಂದು ಸುಕ್ಕು ಕಂಡವರಿಲ್ಲ, ಅದಕ್ಕೆ ಆ ಹೆಸರು ಎಂದು ಹೊಸಬರು ತಿಳಿಯುತ್ತಿದ್ದರು. ಇಸ್ತ್ರಿ ಪೆಟ್ಟಿಗೆಯ ಬಿಸಿ ದೂರದಿಂದ ಕಾಣುವುದಿಲ್ಲ, ಮುಟ್ಟಿದಾಗಲೇ ಗೊತ್ತಾಗುವುದು ಎಂಬುದು ಒಂದು ವಾರ ಕೆಲಸ ಮಾಡಿದವರಿಗೆ ತಿಳಿಯುತ್ತಿತ್ತು. ಮೇಡಂ ಎಂದೂ ಕೂಗಾಡಿದವರಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಿದ್ದರು. ಒಮ್ಮೆ ಆಯಾ ಒದ್ದೆ ಚಾದರವನ್ನು ಬದಲಿಸಲು ತಡಮಾಡಿದಳೆಂದು, ಊಟದ ಹೊತ್ತು ಮುಗಿಯುವ ತನಕ ಆ ಚಾದರವನ್ನು ಎರಡೂ ಕೈಯಲ್ಲಿ ಹಿಡಿದು ಊಟದ ಮನೆಯ ನಡುವೆ ನಿಲ್ಲಿಸಿದ್ದರು. ಕೊನೆಯಲ್ಲಿ, "ನಿನ್ನ ಒಳ್ಳೇದಕ್ಕೇ ಮಾಡಿದ್ದು, ಥ್ಯಾಂಕ್ಸ್ ಹೇಳಲ್ವಾ?" ಎಂದು ಕೇಳಿದ್ದರು. ಆಯಾ ಹೇಳಿದ್ದಳು.

"ಹದಿನಾಲ್ಕು ಬಿಚ್ಚು," ಎಂದರು ಮೇಡಂ.

ಆ ಮಾತಿನ ಅರ್ಥ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರ ಬಟ್ಟೆಯೂ ಒಂದೇ ಮಷೀನಿನಲ್ಲಿ ಒಗೆತಕ್ಕೆ ಬೀಳುವುದರಿಂದ ಪ್ರತಿಯೊಂದು ಬಟ್ಟೆಯ ಕುತ್ತಿಗೆಪಟ್ಟಿಯ ಒಳಗೆ ಮಂಚದ ನಂಬರನ್ನು ಕೆಂಪು ದಾರದಲ್ಲಿ ಹೊಲಿಯುತ್ತಿದ್ದರು. ಸ್ನಾನ ಮಾಡಿಸುವುದು, ಉಣಿಸುವುದು, ಮಗ್ಗುಲು ಬದಲಿಸುವುದರ ಜೊತೆಗೆ ಆ ಹೊಲಿಗೆಯೂ ಆಯಾಳದೇ ಕೆಲಸ. ಯಾರಾದರೂ ತೀರಿಕೊಂಡರೆ ನಂಬರ್ ಬಿಚ್ಚಿ, ಬಟ್ಟೆಯನ್ನು ಇಲ್ಲದವರಿಗೆ ಹಂಚಿ, ಹೊಸ ನಂಬರ್ ಹಾಕಬೇಕು. ಅಂಥದ್ದನ್ನು ಅವಳು ಆರು ವರ್ಷದಲ್ಲಿ ಎಷ್ಟೋ ಮಾಡಿದ್ದಳು. ಬದುಕಿದ್ದವರದನ್ನು ಮಾಡಿರಲಿಲ್ಲ.

"ಮೇಡಂ, ಅವರು ಇನ್ನೂ…"

"ಇನ್ನೂ?"

"ಇದ್ದಾರಲ್ಲ."

"ಎಲ್ಲಿದ್ದಾರೆ? ಮಂಚದಲ್ಲಿ ಕಾಣ್ಲಿಲ್ಲ ನಂಗೆ." ಮೇಡಂ ಕಿಟಕಿಯ ಅಂಚನ್ನು ಬೆರಳಿನಿಂದ ಒರೆಸಿ ಧೂಳು ನೋಡಿದರು. "ಆಂಬುಲೆನ್ಸಿನವರು ಎರಡು ದಿನ ಉಳಿದ್ರೆ ಹೆಚ್ಚು ಅಂದಿದ್ದಾರೆ. ನಾಳೆ ಹನ್ನೊಂದಕ್ಕೆ ಆ ಮಂಚಕ್ಕೆ ಹೊಸಬರು ಬರ್ತಾರೆ. ಅವರ ಬಟ್ಟೆಗೆ ಹದಿನಾಲ್ಕು ಹಾಕ್ಬೇಕು. ಒಂದೇ ನಂಬರು ಎರಡು ಮೈಗೆ ಹೇಗೆ ಹಾಕ್ತೀಯ?"

"ಸ್ವೆಟರ್ ಬಿಸಿಲಿಗೆ ಹಾಕು ಅಂದಿದ್ರು."

"ಹಾಕು. ಬಿಚ್ಚಿ ಹಾಕು. ಒಂಬತ್ತರ ಮುದುಕಿಗೆ ಚಳಿ ಅಂತೆ, ಅವಳಿಗೆ ಕೊಡು." ಅವರ ಕಣ್ಣು ಮಗುವಿನ ಮೇಲೆ ನಿಂತಿತು. "ಇವಳಿಗೂ ಒಂದು ಬ್ಲೇಡ್ ಕೊಡು. ಹೇಗೂ ಇವತ್ತು ಶಾಲೆ ಇಲ್ಲ. ಈ ಮನೇಲಿ ಎರಡು ಹೊತ್ತು ತಟ್ಟೆಗೆ ಹೋಗೋ ಕೈ, ಒಂದು ಹೊತ್ತು ಕೆಲಸಕ್ಕೂ ಬರ್ಲಿ."

ಆಯಾಳ ಬಾಯಿ ಕಟ್ಟಿದ್ದು ಅಲ್ಲಿಯೇ. ಅವಳ ಗಂಡ ಇನ್ನೊಂದು ಸಂಸಾರ ಹೂಡಿದ ಮೇಲೆ ತಾಯಿ ಮಗಳಿಗಿದ್ದ ಸೂರು ಈ ಹೊಲಿಗೆ ಕೋಣೆಯೊಂದೇ. ಒಂದು ಮಂಚ, ಒಂದು ಹೊಲಿಗೆ ಮಷೀನು, ಬಟ್ಟೆ ಒಣಗಿಸುವ ಅಂಗಳಕ್ಕೆ ತೆರೆಯುವ ಒಂದು ಕಿಟಕಿ. ಮಗುವನ್ನು ಇಟ್ಟುಕೊಳ್ಳಬಹುದೆಂದು ಎಲ್ಲಿಯೂ ಬರೆದಿರಲಿಲ್ಲ. ಅದು ನನ್ನ ದಯೆ ಎಂದು ಮೇಡಂ ತಿಂಗಳಿಗೊಮ್ಮೆಯಾದರೂ ನೆನಪಿಸುತ್ತಿದ್ದರು.

ತಾಯಿ ಮಗಳು ನೆಲದ ಮೇಲೆ ಕುಳಿತು ಬಿಚ್ಚಿದರು. ಮೂರು ನಿಲುವಂಗಿ, ಎರಡು ಶಾಲು, ಒಳಬಟ್ಟೆಗಳು, ಅಜ್ಜಿಯೇ ಎಂದೋ ಹೆಣೆದುಕೊಂಡ ಎರಡು ಜೇಬಿನ ನೀಲಿ ಸ್ವೆಟರು. ಸ್ವೆಟರನ್ನು ಆಯಾ ಕೊನೆಗೆ ಇಟ್ಟಿದ್ದಳು. ಅದನ್ನು ಬಿಚ್ಚಿದವಳು ಮಗಳು. ಪುಟ್ಟ ಬೆರಳಿಗೆ ಬ್ಲೇಡು ಸುಲಭವಾಗಿ ಒಗ್ಗಿತ್ತು. ಒಂದರ ಉದ್ದ ಗೆರೆ, ನಾಲ್ಕರ ಸೊಟ್ಟ ಹೊಟ್ಟೆ, ಒಂದೊಂದೇ ಹೊಲಿಗೆ ಕಿತ್ತು ಕೆಂಪು ದಾರದ ಚೂರುಗಳನ್ನು ಮಡಿಲಲ್ಲಿ ಗುಡ್ಡೆ ಮಾಡಿದಳು.

"ಅಮ್ಮಾ, ಅಜ್ಜಿ ಬಂದ್ಮೇಲೆ…"

"ಆಮೇಲೆ ಕೇಳು ಕಂದ."

"ಅಲ್ಲಮ್ಮ, ಬಿಸಿಲಿಗೆ…"

"ಆಮೇಲೆ ಅಂದ್ನಲ್ಲ."

ಬಲಗಡೆಯ ಜಡೆ ಆ ದಿನ ಹೆಣೆಯದೆಯೇ ಉಳಿಯಿತು.

ಎರಡು ದಿನದಲ್ಲಿ ಸಾಯಬೇಕಾದ ಅಜ್ಜಿ ಹನ್ನೊಂದನೇ ದಿನ ಬಂದರು. ಒಣಗಿದ ಕಡ್ಡಿಯಂತಾಗಿದ್ದರು. ಆದರೆ ಬಾಯಿ ಸೊರಗಿರಲಿಲ್ಲ. ಆಂಬುಲೆನ್ಸಿನಿಂದ ಇಳಿಸುವಾಗಲೇ, "ಅಲ್ಲಿ ಜಾಗ ಖಾಲಿ ಇಲ್ವಂತೆ, ವಾಪಸ್ ಕಳಿಸಿದ್ರು. ವಿಳಾಸ ತಪ್ಪಿದ ಕಾಗದ ಇದ್ದ ಹಾಗೆ," ಎಂದು ಚಾಲಕನನ್ನು ನಗಿಸಿದರು.

ಹದಿನಾಲ್ಕನೇ ಮಂಚದಲ್ಲಿ ಬೇರೆ ಯಾರೋ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅಜ್ಜಿಗೆ ಮೆಟ್ಟಿಲ ಕೆಳಗೆ, ಓಣಿಯಲ್ಲಿ, ಒಂದು ಮಡಚುವ ಮಂಚ ಹಾಕಿಸಿದರು. ಅಲ್ಲಿ ಕರೆಗಂಟೆ ಇರಲಿಲ್ಲ. ಬಂದುಹೋಗುವವರ ಚಪ್ಪಲಿ ಅವರ ಮುಖದ ಮಟ್ಟದಲ್ಲಿ ಹತ್ತಿ ಇಳಿಯುತ್ತಿದ್ದವು. ಅದನ್ನೂ ಅಜ್ಜಿ ನುಂಗಿಕೊಂಡರು. ಮಧ್ಯಾಹ್ನ ಊಟದ ಮನೆಗೆ ಹೋದಾಗ ಮಾತ್ರ ನಿಂತುಬಿಟ್ಟರು.

ಒಂಬತ್ತನೇ ನಂಬರಿನ ಅಜ್ಜಿ, ಮಾತು ನಿಂತು ಎರಡು ವರ್ಷವಾದವರು, ನೀಲಿ ಸ್ವೆಟರ್ ಹಾಕಿಕೊಂಡು ಗಂಜಿ ಕುಡಿಯುತ್ತಿದ್ದರು. ಜೇಬಿನ ಮೇಲೆ ಗಂಜಿ ಚೆಲ್ಲಿತ್ತು.

ಹದಿನಾಲ್ಕರ ಅಜ್ಜಿ ಅವರ ಹಿಂದೆ ಹೋಗಿ ಕುತ್ತಿಗೆಪಟ್ಟಿಯನ್ನು ಮಗುಚಿದರು. ಅಲ್ಲಿ ಕೆಂಪು ದಾರದಲ್ಲಿ ಒಂಬತ್ತು ಎಂದಿತ್ತು. ಅದರ ಪಕ್ಕದಲ್ಲಿ ಬೆರಳಿನ ತುದಿ ಆಡಿಸಿದರು. ಅವರ ಬೆರಳು ಲಕೋಟೆಯ ಮೇಲೆ ಅರ್ಧ ಬಿದ್ದ ಮುದ್ರೆಯನ್ನೂ ಓದಿದ ಬೆರಳು.

"ಇಲ್ನೋಡ್ರಪ್ಪ," ಎಂದರು ಇಡೀ ಊಟದ ಮನೆಗೆ ಕೇಳುವಂತೆ. "ಇದು ಒಂದರ ತೂತು. ಇದು ನಾಲ್ಕರದು. ಈ ಮನೇಲಿ ಸತ್ತವರ ನಂಬರ್ ಬಿಚ್ತಾರೆ ಅಂತ ನಂಗೂ ಗೊತ್ತು. ನಾನು ಯಾವತ್ತು ಸತ್ತೆ ಅಂತ ಯಾರಾದ್ರೂ ಹೇಳ್ರಪ್ಪ. ಸತ್ತವಳಿಗೇ ತಿಳಿಸಿಲ್ಲ."

ಹಲ್ಲಿದ್ದವರೂ ಇಲ್ಲದವರೂ ನಕ್ಕರು. ಅಡುಗೆಯವಳು ಸೌಟು ಹಿಡಿದುಕೊಂಡೇ ನಕ್ಕಳು. ಆ ಮನೆಯಲ್ಲಿ ಅಷ್ಟು ನಗು ಕೇಳಿ ಬಹಳ ದಿನವಾಗಿತ್ತು. ಅಜ್ಜಿ, "ಆಡಳಿತ ಮಂಡಳಿಗೆ ಒಂದು ಕಾಗದ ಹಾಕ್ತೀನಿ. ವಿಳಾಸ ಯಾರೂ ಹೇಳಿಕೊಡ್ಬೇಕಾಗಿಲ್ಲ," ಎಂದರು. ಬಾಗಿಲ ಬಳಿ ಮೇಡಂ ನಿಂತಿದ್ದರು. ಅವರೂ ಸಣ್ಣಗೆ ನಕ್ಕರು. ಆ ನಗುವನ್ನು ಕಂಡು ಆಯಾ ನೀರು ಬಡಿಸುವುದನ್ನು ಬಿಟ್ಟು ಜಗ್ಗನ್ನು ಮೇಜಿನ ಮೇಲಿಟ್ಟಳು.

ಸಂಜೆ ಕಚೇರಿಗೆ ಕರೆ ಬಂತು. ಮಗಳು ಶಾಲೆಯಿಂದ ಬಂದು, ಹೊಲಿಗೆ ಕೋಣೆಯ ಬೀಗದ ಕೈಗಾಗಿ ಕಚೇರಿಯ ಹೊರಗಿನ ಬೆಂಚಿನಲ್ಲಿ ಚೀಲ ಇಟ್ಟುಕೊಂಡು ಕುಳಿತಿದ್ದಳು. ಮೇಡಂ ಬಾಗಿಲು ಮುಚ್ಚಲಿಲ್ಲ.

"ಬಾ. ಕೂತ್ಕೋಬೇಡ, ಕುರ್ಚಿ ಈಗಷ್ಟೇ ಒರೆಸಿದ್ದಾರೆ. ಹದಿನಾಲ್ಕು ಬಿಚ್ಚಿದ್ದು ಯಾರು?"

"ನಾನು, ಮೇಡಂ."

"ನಾನು ಬಿಚ್ಚು ಅಂತ ಬರೆದುಕೊಟ್ಟಿದ್ನಾ?"

"ಬಾಯಲ್ಲಿ ಹೇಳಿದ್ರಿ."

"ನನ್ನ ಬಾಯಿ ನಿನ್ನ ಸಾಕ್ಷಿಯಾ?" ಮೇಡಂ ವರದಿ ಪುಸ್ತಕ ತೆರೆದು, ಸ್ಕೇಲಿಟ್ಟು ಒಂದು ಗೆರೆ ಎಳೆದರು. "ಬದುಕಿರೋರ ಬಟ್ಟೆಯ ಗುರುತು ಕಿತ್ತು ಬೇರೆಯವರಿಗೆ ಕೊಡೋದಕ್ಕೆ ಹೊರಗಡೆ ಏನಂತಾರೆ ಗೊತ್ತಾ? ಕಳ್ಳತನ. ಹಾಗೆ ಬರೆದ್ರೆ ನೀನು ನಾಳೆ ಬೆಳಗ್ಗೆ ಮಗಳ ಕೈ ಹಿಡ್ಕೊಂಡು ಗೇಟಿನ ಆಚೆ ಇರ್ತೀಯ. ಆ ಕಾಗದ ಹಿಡ್ಕೊಂಡು ಹೋದವಳನ್ನ ಇನ್ನೊಂದು ಆಶ್ರಮದವರು ನಾಯಿ ತೊಳೆಯೋಕೂ ಇಟ್ಕೊಳ್ಳಲ್ಲ."

ಆಯಾ ಹೊರಗಿನ ಬೆಂಚಿನಲ್ಲಿದ್ದ ಮಗಳ ಕಡೆ ತಿರುಗಿ ನೋಡಿದಳು.

"ಇಲ್ಲಾ, ಬೇರೆ ಏನಾದ್ರೂ ನಡೆದಿರ್ಬೇಕು," ಎಂದರು ಮೇಡಂ, ಇನ್ನೂ ಮೆಲ್ಲಗೆ. "ವಯಸ್ಸಾದವರು. ಅವರೇ ಕೊಟ್ಟು, ಕೊಟ್ಟಿದ್ದು ಮರೆತಿದ್ರೂ ಮರೆತಿರ್ಬಹುದು. ನಂಗೇನು ಗೊತ್ತು, ನಾನು ಅಲ್ಲಿರ್ಲಿಲ್ಲ. ನೀನಿದ್ದೆ. ಏನು ನಡೀತು ಅಂತ ನೀನೇ ಹೇಳು. ನಾನು ಹೇಳಿಕೊಡಲ್ಲ."

ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರ ಪಾಡು ಆಯಾಳದು, ಉಗುಳುವಂತಿಲ್ಲ, ನುಂಗುವಂತಿಲ್ಲ. ಕೊನೆಗೆ ನುಂಗಿದಳು.

"ಅವರೇ ಕೊಟ್ರು."

"ಕೇಳಿಸ್ಲಿಲ್ಲ."

"ಅವರೇ ಕೊಟ್ರು, ಮೇಡಂ."

"ಕೊಟ್ಟು?"

"ಮರೆತ್ರು."

"ನೋಡು, ನಿನ್ನ ಬಾಯಿಂದಲೇ ಬಂತು." ಮೇಡಂ ಬರೆದುಕೊಂಡರು. ಅವರ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. "ಮರೆವು ಶುರುವಾದವರನ್ನ ಓಣಿಯಲ್ಲಿ ಬಿಡೋದು ಅಪಾಯ. ಗುರುವಾರ ಡಾಕ್ಟರು ಬರ್ತಾರೆ. ಅವರು ಸಹಿ ಹಾಕಿದ್ರೆ ಹಿಂದಿನ ಹಜಾರಕ್ಕೆ ಕಳಿಸೋಣ. ಅಷ್ಟರೊಳಗೆ ಆ ಅಜ್ಜಿಗೂ ನೀನೇ ಹೇಳು. ನಿನ್ನ ಮಾತು ಅಂದ್ರೆ ಅವರಿಗೆ ವೇದವಾಕ್ಯ. ಮತ್ತೆ, ಮಗಳಿಗೂ ಬಾಯಿ ಕಟ್ಟು. ಮಕ್ಕಳಿದ್ದ ಕಡೆ ಕೆಲಸ ಕೆಡುತ್ತೆ ಅಂತ ಮಂಡಳಿಯವರು ಮೊದಲೇ ಹೇಳಿದ್ರು, ನಾನೇ ಇರ್ಲಿ ಬಿಡಿ ಅಂದಿದ್ದೆ. ಥ್ಯಾಂಕ್ಸ್ ಹೇಳಲ್ವಾ?"

ಆಯಾ ಹೇಳಿದಳು. ಹೊರಗೆ ಬಂದಾಗ ಬೆಂಚಿನ ಮೇಲೆ ಮಗಳು ಚೀಲದ ಪಟ್ಟಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ಬೆರಳ ತುದಿ ಬಿಳಿಚಿಕೊಂಡಿತ್ತು.

ಹಿಂದಿನ ಹಜಾರದ ಬಾಗಿಲು ಹೊರಗಿನಿಂದ ಮಾತ್ರ ತೆಗೆಯುತ್ತಿತ್ತು. ಅಲ್ಲಿರುವವರಿಗೆಲ್ಲ ಒಂದೇ ಬಗೆಯ ಬಿಳಿ ನಿಲುವಂಗಿ. ಅದಕ್ಕೆ ನಂಬರೂ ಇರುತ್ತಿರಲಿಲ್ಲ. ಚುಚ್ಚಿಕೊಂಡಾರೆಂದು ಪೆನ್ನು, ಸೂಜಿ ಏನನ್ನೂ ಕೊಡುತ್ತಿರಲಿಲ್ಲ. ಒಳಗೆ ಹೋದ ಮೂವರಲ್ಲಿ ಇಬ್ಬರು ನಿಜವಾಗಿ ಮರೆತವರು. ಮೂರನೆಯವರು ಹೋಗುವಾಗ ಮರೆತಿರಲಿಲ್ಲ, ಒಳಗೆ ಹೋದ ಮೇಲೆ ಮರೆತರು. ಅವರಿಗೆ ಅನ್ನ ಕಲಸಿ ಉಣಿಸುವವಳು ಆಯಾಳೇ. ಹಾಗಾಗಿ ತಾನು ಅಜ್ಜಿಯನ್ನು ಎಲ್ಲಿಗೆ ಕಳಿಸುತ್ತಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಾರನೆಯ ಬೆಳಗ್ಗೆ ಅಜ್ಜಿಗೆ ಸ್ನಾನ ಮಾಡಿಸುವಾಗ ಹೇಳಿದಳು. ಬೆನ್ನಿಗೆ ಸೋಪು ಹಚ್ಚುತ್ತಿದ್ದುದರಿಂದ ಮುಖ ನೋಡಬೇಕಾಗಿರಲಿಲ್ಲ.

"ಸ್ವೆಟರ್ ನೀವೇ ಕೊಟ್ರಿ ಅಜ್ಜಿ. ಆಂಬುಲೆನ್ಸ್ ಬರೋ ಮುಂಚೆ. ಚಳಿ ಆಗೋರಿಗೆ ಕೊಡು, ನಂಬರ್ ಬಿಚ್ಚು ಅಂದ್ರಿ."



"ನಾನಾ?"

"ಹೂಂ."

"ಬಿಸಿಲಿಗೆ ಹಾಕು ಅಂದಿದ್ದೆ ಅಂತ ನನ್ನ ತಲೇಲಿದೆಯಲ್ಲ ಮಗಳೇ."

"ಜ್ವರ ಇತ್ತಲ್ಲ ಅಜ್ಜಿ."

ಆಯಾ ಚೊಂಬಿನಿಂದ ನೀರು ಸುರಿದಳು. ಅಜ್ಜಿ ಕೈ ಹಿಂದಕ್ಕೆ ಚಾಚಿ ಆಯಾಳ ಒದ್ದೆ ಮಣಿಕಟ್ಟನ್ನು ಹಿಡಿದುಕೊಂಡರು. "ಹಾಗಾದ್ರೆ ಹಾಗೇ ಇರ್ಬೇಕು. ಆ ಇಸ್ತ್ರಿ ಹೇಳಿದ್ರೆ ನಂಬ್ತಿರ್ಲಿಲ್ಲ. ನಿನಗೆ ನನ್ನ ಹತ್ರ ಸುಳ್ಳು ಹೇಳೋ ಹಣೆಬರಹ ಏನಿದೆ." ಮತ್ತೆ, "ಊರಿಗೆಲ್ಲ ಕೇಳೋ ಹಾಗೆ ಕೂಗಾಡಿಬಿಟ್ನಲ್ಲ. ಪಾಪ, ಆ ಒಂಬತ್ತರವಳು ಎಷ್ಟು ನೊಂದ್ಕೊಂಡ್ಳೋ," ಎಂದರು.

ಅಂದು ಮಧ್ಯಾಹ್ನ ಅಜ್ಜಿ ಊಟದ ಮನೆಯಲ್ಲಿ ಒಂಬತ್ತರ ಅಜ್ಜಿಯ ಮುಂದೆ ನಿಂತು ತಪ್ಪಾಯಿತೆಂದು ಹೇಳಿದರು. ಮಾತಿಲ್ಲದ ಆ ಅಜ್ಜಿ ಅವರನ್ನು ಪಿಳಿಪಿಳಿ ನೋಡಿದರು. ಹದಿನಾಲ್ಕರ ಅಜ್ಜಿ ತಾವು ಆಡಳಿತ ಮಂಡಳಿಗೆ ಬರೆದಿಟ್ಟಿದ್ದ ಅಂಚೆ ಕಾರ್ಡನ್ನು ನಾಲ್ಕಾಗಿ ಹರಿದು ಆಯಾಳ ಕೈಗೇ ಹಾಕಿದರು, ಕಸಕ್ಕೆ ಹಾಕು ಎಂದು.

ಆಮೇಲೆ ಶುರುವಾದದ್ದನ್ನು ನೋಡುವುದು ಆಯಾಳಿಗೆ ಕಷ್ಟವಾಯಿತು. ಸ್ವೆಟರಿನ ಒಂದು ಹೆಣಿಕೆ ಬಿಟ್ಟರೆ ಸಾಲು ಪೂರ್ತಿ ಬಿಚ್ಚಿಕೊಳ್ಳುವ ಹಾಗೆ ಅಜ್ಜಿ ಬಿಚ್ಚಿಕೊಳ್ಳತೊಡಗಿದರು. ಅದೊಂದನ್ನು ಮರೆತಿದ್ದರೆ ಇನ್ನೇನೇನು ಮರೆತಿದ್ದೇನೋ ಎಂದು ತಮ್ಮನ್ನು ತಾವೇ ತಪಾಸಣೆ ಮಾಡಿಕೊಂಡರು. ಮೆಟ್ಟಿಲ ಕೆಳಗೆ ಮಲಗಿ ಬೀದಿಗಳನ್ನು ಒಪ್ಪಿಸುವರು. "ಮೂರನೇ ಅಡ್ಡರಸ್ತೆ, ಹನ್ನೊಂದನೇ ಮನೆ, ಹಸಿರು ಗೇಟು." ನಿಲ್ಲಿಸುವರು. "ಹಸಿರೋ, ನೀಲಿಯೋ?" ಮೊದಲಿನಿಂದ ಹೇಳುವರು. ಮಾತ್ರೆ ನುಂಗಿದ್ದನ್ನು ಕಾಗದದ ಚೂರಿನಲ್ಲಿ ಬರೆದು ದಿಂಬಿನ ಕೆಳಗಿಡುವರು. ಊಟವಾದ ಮೇಲೆ ಆಯಾಳನ್ನು ಕರೆದು, "ನಾನು ಉಂಡೆ ಅಲ್ವಾ? ಉಂಡಿದ್ದು ನಾನೇ ಅಲ್ವಾ?" ಎಂದು ತಗ್ಗಿದ ದನಿಯಲ್ಲಿ ಕೇಳುವರು. ನಗಿಸುವುದನ್ನು ಬಿಟ್ಟರು. ಮೇಡಂ ದಿನಕ್ಕೆರಡು ಸಲ ಆ ಮೆಟ್ಟಿಲು ಇಳಿಯುವಾಗ ನಿಂತು, "ಇವತ್ತು ಯಾವ ವಾರ ಅಜ್ಜಿ? ಸರಿಯಾಗಿ ಯೋಚನೆ ಮಾಡಿ ಹೇಳಿ," ಎನ್ನುತ್ತಿದ್ದರು. ಅಜ್ಜಿ ಸರಿಯಾಗಿ ಹೇಳಿದರೂ, "ಹೌದಾ? ನೀವೇ ಖಚಿತ ಅಂದ್ರೆ ಸರಿ," ಎಂದು ಹೊರಟುಬಿಡುತ್ತಿದ್ದರು.

ಬುಧವಾರ ಸಂಜೆ ಅಜ್ಜಿ ಹುಡುಗಿಯನ್ನು ಹತ್ತಿರ ಕರೆದರು. ಆಯಾ ಎರಡು ಮಾರು ದೂರದಲ್ಲಿ ಬಕೀಟು ಹಿಡಿದು ನೆಲ ಒರೆಸುತ್ತಿದ್ದಳು.

"ಸೂಜಿಮರಿ, ನಾನು ಸ್ವೆಟರ್ ಕೊಡು ಅಂದಾಗ ನೀನೂ ಇದ್ಯಾ?"

ಹುಡುಗಿ ತಾಯಿಯ ಕಡೆ ನೋಡಿದಳು. ತಾಯಿ ತಲೆಯನ್ನು ಒಂದು ಕೂದಲೆಳೆಯಷ್ಟು ಅಲ್ಲಾಡಿಸಿದಳು.

"ಗೊತ್ತಿಲ್ಲ ಅಜ್ಜಿ."

"ನಿಂಗೂ ನೆನಪಿಲ್ವಾ?" ಅಜ್ಜಿ ನಕ್ಕರು. "ಹಾಗಾದ್ರೆ ಇಬ್ರೂ ಒಟ್ಟಿಗೆ ಹಿಂದಿನ ಹಜಾರಕ್ಕೆ ಹೋಗೋಣ ಬಿಡು." ಹುಡುಗಿ ನಗಲಿಲ್ಲ. ಅವಳು ಅಷ್ಟು ಚೆನ್ನಾಗಿ ಸುಳ್ಳು ಹೇಳಿದ್ದನ್ನು ಕೇಳಿ, ಎರಡೂ ಮುಕ್ಕಾಲು ಕಿಲೋ ತೂಕದ ಈ ಕೂಸನ್ನು ಹೊಟ್ಟೆಯ ಮೇಲೆ ಮಲಗಿಸಿಕೊಂಡ ದಿನ ಆಯಾಳಿಗೆ ನೆನಪಾಯಿತು. ನಡೆಯುವುದು, ಓದುವುದು, ಸೂಜಿ ಪೋಣಿಸುವುದು ಎಲ್ಲವನ್ನೂ ತಾನೇ ಕಲಿಸಿದ್ದಳು. ಇದನ್ನೂ ತಾನೇ ಕಲಿಸಿದಳು.

ಆ ರಾತ್ರಿ ಮಗಳು ಏನನ್ನೂ ಕೇಳಲಿಲ್ಲ. ತಾಯಿಗೆ ಅದೇ ಹೆಚ್ಚು ಹೆದರಿಕೆ ತಂದಿತು. ದಿನಕ್ಕೆ ನೂರು ಯಾಕೆ, ನೂರು ಏನು ಕೇಳುತ್ತಿದ್ದ ಹುಡುಗಿ. ಒಲೆ ಆರಿಸಿದ ಮೇಲೆ ಪಾತ್ರೆಯೊಳಗಿನ ಬಿಸಿಯಂತೆ ಏನೋ ಒಂದು ಅವಳ ಬಾಯೊಳಗೆ ಉಳಿದಿದೆಯೆಂದು ತಾಯಿಗೆ ಗೊತ್ತಿತ್ತು. ಆಮೇಲೆ ಕೇಳು ಎಂದವಳು ತಾನು. ಆ ಆಮೇಲೆ ಎಂದಿಗೂ ಬಾರದಿರಲಿ ಎಂದುಕೊಂಡಳು.

ಗುರುವಾರ ಡಾಕ್ಟರು ಬೇಗ ಬಂದರು. ಆಯಾ ಶಾಲೆಗೆ ಹೊರಟ ಮಗಳ ತಲೆ ಬಾಚುತ್ತಿದ್ದಳು. "ಆಯಾ, ಕಚೇರಿಗಂತೆ," ಎಂದು ಅಡುಗೆಯವಳು ಕಿಟಕಿಯಿಂದಲೇ ಕೂಗಿದಳು. ಆಯಾ ಬಾಚಣಿಗೆ ಕೆಳಗಿಟ್ಟು ನಡೆದಳು. ಹಿಂದೆ ಬರಬೇಡವೆಂದು ಹೇಳಲು ಮರೆತಳು.

ಕಚೇರಿಯಲ್ಲಿ ಅಜ್ಜಿ ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ತಲೆಗೆ ನೀರು ಹಚ್ಚಿ ನೀಟಾಗಿ ಬಾಚಿಕೊಂಡಿದ್ದರು, ಕೆಲಸದ ಸಂದರ್ಶನಕ್ಕೆ ಬಂದವರಂತೆ. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಕೆಟ್ಟವರಲ್ಲ, ಅವಸರದವರು. ಎದುರಿಗೆ ಒಂದು ಫಾರಂ ಇತ್ತು. ಮೇಡಂ ಕಿಟಕಿಯ ಪಕ್ಕ ನಿಂತಿದ್ದರು.

"ಇವತ್ತು ಯಾವ ವಾರ ಅಜ್ಜಿ?"

"ಗುರುವಾರ. ನೀವು ಬಂದಿದ್ದೀರಲ್ಲ."

"ತಿಂಗಳುಗಳನ್ನ ಹಿಂದಿನಿಂದ ಹೇಳ್ತೀರಾ?"

ಅಜ್ಜಿ ಡಿಸೆಂಬರಿನಿಂದ ಜನವರಿಗೆ ಒಂದೇ ಉಸಿರಿನಲ್ಲಿ ಇಳಿದರು. ನೂರರಿಂದ ಏಳೇಳು ಕಳೆದು ಹೇಳಿದರು. ಮೂರು ಪದ ಹೇಳಿ ಐದು ನಿಮಿಷ ಬಿಟ್ಟು ಕೇಳಿದರೆ ಮೂರನ್ನೂ ಹೇಳಿದರು. ಅವರ ಕೆನ್ನೆಗೆ ಬಹಳ ದಿನದ ಮೇಲೆ ಬಣ್ಣ ಬಂತು. "ಡಾಕ್ಟ್ರೇ, ಹೋದ ಸಲ ಬಂದಾಗ್ಲೂ ನೀವು ಇದೇ ಶರ್ಟ್ ಹಾಕಿದ್ರಿ. ಅದನ್ನೂ ಬರ್ಕೊಳ್ಳಿ."

ಡಾಕ್ಟರು ನಕ್ಕು ಪೆನ್ನಿನ ಮುಚ್ಚಳ ಹಾಕಿದರು. "ಮೇಡಂ, ಇವರನ್ನ ಯಾಕೆ ಹಿಂದಕ್ಕೆ ಕಳಿಸ್ಬೇಕು? ನನಗಿಂತ ಚೆನ್ನಾಗಿದ್ದಾರೆ."

ಮುಗಿಯಿತು, ತಾನೇನೂ ಹೇಳಬೇಕಾಗಿಲ್ಲ ಎಂದುಕೊಂಡಳು ಆಯಾ.

"ನಮಗೂ ಅದೇ ಆಸೆ ಡಾಕ್ಟ್ರೇ," ಎಂದರು ಮೇಡಂ. "ಸ್ವೆಟರಿನ ವಿಷಯ ಒಂದು ಕೇಳಿಬಿಡಿ."

ಅಜ್ಜಿಯ ಮುಖ ಇಳಿದುಹೋಯಿತು. ಸುಳ್ಳು ಹೇಳಿದ್ದರೆ ಅವರು ಆ ಕುರ್ಚಿಯಿಂದ ಎದ್ದು ತಮ್ಮ ಓಣಿಯ ಮಂಚಕ್ಕೆ ಹೋಗಬಹುದಿತ್ತು. ಮೂವತ್ತಾರು ವರ್ಷ ಬೇರೆಯವರ ಕಾಗದವನ್ನು ಒಡೆಯದೆ ತಲುಪಿಸಿದವರಿಗೆ ಅದು ಬರಲಿಲ್ಲ.

"ಅದೊಂದು ನೆನಪಿಲ್ಲ ಡಾಕ್ಟ್ರೇ," ಎಂದರು. "ನನ್ನ ಕೈಯಾರೆ ಕೊಟ್ಟು, ನಂಬರನ್ನೂ ಬಿಚ್ಚು ಅಂದೆನಂತೆ. ಆಮೇಲೆ ಬಂದು ಯಾರು ಬಿಚ್ಚಿದ್ದು ಅಂತ ಜಗಳ ಆಡಿದೀನಿ. ನನ್ನ ತಲೇಲಿ ಬೇರೆ ಥರಾನೇ ಇದೆ, ಸ್ಪಷ್ಟವಾಗಿ ಇದೆ. ಅದೇ ಭಯ. ಇಲ್ಲದ್ದು ಇಷ್ಟು ಸ್ಪಷ್ಟವಾಗಿ ಇದ್ರೆ, ಇರೋದರಲ್ಲಿ ಯಾವುದನ್ನ ನಂಬ್ಲಿ?"

ಡಾಕ್ಟರ ನಗು ಹೋಯಿತು. ಪೆನ್ನಿನ ಮುಚ್ಚಳ ಮತ್ತೆ ತೆಗೆದರು. "ಅವರೇ ಕೊಟ್ಟಿದ್ದನ್ನ ಯಾರು ನೋಡಿದ್ದು?"

"ಆಯಾ ನೋಡಿದ್ದಾಳೆ," ಎಂದರು ಮೇಡಂ. "ಹೇಳು. ಹೆದರ್ಬೇಡ. ಇದ್ದಿದ್ದು ಇದ್ದ ಹಾಗೆ ಹೇಳು."

ಅಜ್ಜಿ ಆಯಾಳ ಕಡೆ ತಿರುಗಿದರು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ತನಗೇ ತಿಳಿಯದ ತನ್ನ ಸುದ್ದಿಯನ್ನು ಇನ್ನೊಬ್ಬರಿಂದ ಕೇಳಿ ತಿಳಿಯಲು ಕಾದವರ ಕಣ್ಣು. ಸಿಟ್ಟಿದ್ದರೆ ಆಯಾ ತಾಳಿಕೊಳ್ಳುತ್ತಿದ್ದಳು. ಕಿಟಕಿಯ ಆಚೆ ಗೇಟು ಕಾಣುತ್ತಿತ್ತು. ಗೇಟಿನ ಆಚೆ ರಸ್ತೆ, ರಸ್ತೆಯಲ್ಲಿ ತನ್ನ ಟ್ರಂಕು, ಟ್ರಂಕಿನ ಮೇಲೆ ಕುಳಿತ ಮಗಳು, ಎಲ್ಲವೂ ಆಗಿಹೋದದ್ದರಂತೆ ಕಂಡಿತು.

"ಹೌದು ಡಾಕ್ಟ್ರೇ," ಎಂದಳು. "ಅವರೇ ಕೊಟ್ರು. ನಾನು ನೋಡ್ದೆ."

ಅಜ್ಜಿ ನಿಧಾನವಾಗಿ ತಲೆಯಾಡಿಸಿ, ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು. ಡಾಕ್ಟರು ಫಾರಂ ಹತ್ತಿರ ಎಳೆದುಕೊಂಡು, ಕೊನೆಯ ಸಾಲಿನ ಮೇಲೆ ಪೆನ್ನು ಇಟ್ಟರು. ಮೇಡಂ ಪಕ್ಕದಿಂದ ಕಾಗದ ಅಲುಗಾಡದಂತೆ ಒಂದು ಬೆರಳು ಒತ್ತಿ ಹಿಡಿದರು.

ಬಾಗಿಲಲ್ಲಿ ಏನೋ ಅಲ್ಲಾಡಿತು. ಒಂದು ಕಡೆ ಜಡೆ, ಒಂದು ಕಡೆ ಬಿಚ್ಚಿದ ಕೂದಲು, ಹೆಗಲಿಗೆ ಶಾಲೆಯ ಚೀಲ. ಹುಡುಗಿ ಮೇಡಂ ಕಡೆ ನೋಡಲಿಲ್ಲ, ಡಾಕ್ಟರ ಕಡೆಯೂ ನೋಡಲಿಲ್ಲ. ಲೆಕ್ಕ ಬಿಡಿಸಲಾರದೆ ಪುಸ್ತಕ ಹಿಡಿದುಕೊಂಡು ಬಂದಾಗ ನಿಲ್ಲುವ ಹಾಗೆಯೇ ತಾಯಿಯ ಎದುರು ಬಂದು ನಿಂತಳು.

"ಅಮ್ಮಾ," ಎಂದಳು, "ಅಜ್ಜಿ ಬಿಸಿಲಿಗೆ ಹಾಕು ಅಂದಿದ್ರಲ್ಲ. ಮತ್ತೆ ನಾವ್ಯಾಕೆ ನಂಬರ್ ಬಿಚ್ಚಿದ್ವಿ?"